ತನಿಖಾ ವರದಿಗಾರಿಕೆಗೆ ಮಾನವಶಾಸ್ತ್ರ ಓದಿ ಏನು ಪ್ರಯೋಜನ?

ತನಿಖಾ ಪತ್ರಕರ್ತರಾಗಬೇಕೆಂದಿದ್ದೀರಿ, ಮಾನವಶಾಸ್ತ್ರ ಓದಿದರೆ ಉಪಯೋಗವಿದೆಯೇ, ಸುಮ್ಮನೆ ಎರಡು ವರ್ಷ ಹಾಳೇ ಎಂದು ಕೇಳಿದ್ದೀರಿ. ಇದೇ ಕೆಲಸದಲ್ಲಿರುವವನಾಗಿ ಹೇಳುತ್ತೇನೆ, ಓದಿ.

ದಾಖಲೆ ಸಿಕ್ಕಿ, ತಪ್ಪಿತಸ್ಥರ ಹೆಸರು ಬಯಲಾಗಿ, ವರದಿ ಅಚ್ಚಾದರೆ ನಮ್ಮ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನೊಂದವರ ಬದುಕು ಮುಗಿದಿರುವುದಿಲ್ಲ. ಕಿಡ್ನಿ ಮಾರಾಟವನ್ನೇ ನೋಡಿ. ಭಾರತದಲ್ಲಿ 1994ರ ಕಾಯ್ದೆ ಅದನ್ನು ನಿಷೇಧಿಸಿತು. 2001ರಲ್ಲಿ ಸಂಶೋಧಕರು ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಮಂದಿಯನ್ನು ಮಾತಾಡಿಸಿದರು. ಶೇ. 96ರಷ್ಟು ಜನ ಮಾರಿದ್ದು ಸಾಲ ತೀರಿಸಲು. ಆದರೆ ಹಾಗೆ ಮಾರಿದವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ಆಗಲೂ ಸಾಲದಲ್ಲೇ ಇದ್ದರು. ಮನೆಯ ವರಮಾನವೂ ಸರಾಸರಿ ಮೂರರಲ್ಲೊಂದು ಪಾಲು ಇಳಿದಿತ್ತು.

ಯಾಕೆ ಹೀಗೆ? ಅದೇ ಊರಿನಲ್ಲಿ ಮಾರಿದವರ ಜೊತೆ ಮಾತಾಡಿದ್ದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ ಸಾಲ ಕೊಡುವವರ ಕಡೆಗೂ ನೋಡಿದರು. ಕಿಡ್ನಿ ಮಾರುವುದು ರೂಢಿಯಾದ ಕಡೆ ಅವರ ವಸೂಲಿಯೂ ಬಿಗಿಯಾಗುತ್ತದೆ, ಏಕೆಂದರೆ ಬಡವನ ಮೈಯೇ ಅಡಮಾನವಾಗಿರುತ್ತದೆ. ಮಧ್ಯವರ್ತಿಯ ಬೆನ್ನು ಹತ್ತಿದ ವರದಿಗಾರನಿಗೆ ಇದು ಕಾಣುವುದೇ ಇಲ್ಲ. ‘ಅವರೇ ಒಪ್ಪಿ ಮಾರಿದರು’ ಎಂಬ ಮಾತು ನನಗೆ ಸುಳ್ಳೆನಿಸುವುದು ಇಲ್ಲೇ. ‘ಎಷ್ಟು ಕಷ್ಟ ಬಂದರೂ ಎದ್ದು ನಿಲ್ಲುತ್ತಾರೆ’ ಎಂಬ ಹೊಗಳಿಕೆಯೂ ಅಷ್ಟೇ. ಕುಟುಂಬ ನಿಂತಿದೆ ನಿಜ. ಅದಕ್ಕೆ ಯಾರ ದುಡಿಮೆ, ಯಾರ ಆರೋಗ್ಯ ಸವೆಯಿತು ಎಂಬುದನ್ನು ಬರೆಯದಿದ್ದರೆ ಆ ಹೊಗಳಿಕೆ ಸುಲಿದವರಿಗೇ ಅನುಕೂಲ.

ನೀತಿಯ ಪ್ರಶ್ನೆ ಇನ್ನೂ ಜಟಿಲ. ಅಂಗಾಂಗ ಮಾರಾಟದ ಮೇಲೆ ಕಣ್ಣಿಡುವ ಆರ್ಗನ್ಸ್ ವಾಚ್ ಎಂಬ ಸಂಸ್ಥೆಯನ್ನು 1999ರಲ್ಲಿ ಕಟ್ಟಿದವರಲ್ಲಿ ಒಬ್ಬರಾದ ಮಾನವಶಾಸ್ತ್ರಜ್ಞೆ ನ್ಯಾನ್ಸಿ ಶೆಪರ್-ಹ್ಯೂಸ್ ಆ ಮಾರಾಟದ ಜಾಲದೊಳಗೆ ಹೋಗಲು ಕೆಲವೊಮ್ಮೆ ಗುರುತು ಮರೆಸಿದರು, ಅದನ್ನು ಬಹಿರಂಗವಾಗಿ ಬರೆದೂ ಇದ್ದಾರೆ. ಮಾನವಶಾಸ್ತ್ರದಲ್ಲಿ ಮಾಹಿತಿ ಕೊಟ್ಟವರಿಗೆ ಮೋಸ ಮಾಡಕೂಡದೆಂಬುದು ದೊಡ್ಡ ನಿಯಮ, ಹಾಗಾಗಿ ಇದನ್ನು ಆಕ್ಷೇಪಿಸುವವರಿದ್ದಾರೆ. ಬೇರೆ ದಾರಿಯೇ ಇಲ್ಲದಾಗ ದಲ್ಲಾಳಿಯ ಮುಂದೆ ಗುರುತು ಮರೆಸುವುದನ್ನು ನಾನು ಒಪ್ಪುತ್ತೇನೆ. ಮಾರಿದವರ ಮುಂದೆ ಖಂಡಿತ ಇಲ್ಲ. ಅವರಿಗೆ ನೀವು ಯಾರು, ಎಲ್ಲಿ ಅಚ್ಚಾಗುತ್ತದೆ, ಯಾರು ಓದಬಹುದು ಎಲ್ಲವೂ ಗೊತ್ತಿರಬೇಕು. ಇವತ್ತು ಹೂಂ ಎಂದವರನ್ನು ಅಚ್ಚಿಗೆ ಹೋಗುವ ಮುನ್ನ ಇನ್ನೊಮ್ಮೆ ಕೇಳಿ. ಹೆಸರು ಬದಲಿಸಿದರೆ ಸಾಲದು: ಬೀದಿ, ಕಸುಬು, ಮಕ್ಕಳ ಸಂಖ್ಯೆ ಬರೆದರೆ ಸಾಲ ಕೊಟ್ಟವನಿಗೆ ಆ ಮನೆ ಯಾವುದೆಂದು ತಕ್ಷಣ ತಿಳಿಯುತ್ತದೆ.