ದಿ ಲಿಟಲ್ ಅವರ್ಸ್ ಸಿನಿಮಾದಲ್ಲಿ 1347ರ ಸನ್ಯಾಸಿನಿಯರು ಈಗಿನ ಇಂಗ್ಲಿಷ್‌ನಲ್ಲಿ ಯಾಕೆ ಬೈತಾರೆ?

ಅದು ತಪ್ಪಲ್ಲ, ಬೇಕು ಅಂತಾನೇ ಮಾಡಿರೋದು. ಡೈರೆಕ್ಟರ್ ಜೆಫ್ ಬೇನಾ 2017ರಲ್ಲಿ ಬಂದ ಈ ಸಿನಿಮಾ ತೆಗೆದಾಗ ಕಥೆಯ ರೂಪುರೇಷೆ ಮಾತ್ರ ಇಟ್ಕೊಂಡು, ಡೈಲಾಗ್ ಬಹುಪಾಲು ನಟರಿಗೇ ಬಿಟ್ಟಿದ್ರು, ಅವರು ತಮ್ಮ ದಿನನಿತ್ಯದ ಭಾಷೆಯಲ್ಲೇ ಮಾತಾಡಿದ್ರು.

ಇದು ಮೂಲಕ್ಕೆ ಮಾಡಿದ ಅಪಚಾರ ಅನ್ನಿಸಬಹುದು, ಆದ್ರೆ ನಂಗೆ ಇದೇ ಮೂಲಕ್ಕೆ ಹತ್ರ ಅನ್ಸುತ್ತೆ. ಕಥೆ ಬಂದಿರೋದು 14ನೇ ಶತಮಾನದ ಇಟಲಿಯ ಲೇಖಕ ಬೊಕಾಚಿಯೋ ಬರೆದ ಡೆಕಾಮೆರಾನ್ ಅನ್ನೋ ಕಥಾಸಂಗ್ರಹದಿಂದ, ಆ ಕಾಲದಲ್ಲಿ ಪಂಡಿತರು, ಚರ್ಚಿನವರು ಎಲ್ಲ ಲ್ಯಾಟಿನ್‌ನಲ್ಲಿ ಬರೀತಿದ್ರೆ ಈತ ಅದನ್ನ ಬರೆದದ್ದು ಜನ ಬೀದಿಯಲ್ಲಿ ಆಡೋ ಟಸ್ಕನ್ ಇಟಾಲಿಯನ್‌ನಲ್ಲಿ, ಅಂದ್ರೆ ಆಗಿನ ಓದುಗರಿಗೆ ಅದು ಹಳೇ ಭಾಷೆ ಅಲ್ವೇ ಅಲ್ಲ, ಅವತ್ತಿನ ಬಿಸಿಬಿಸಿ ಮಾತು. ಇಟಲಿಯ ಸನ್ಯಾಸಿನಿಯರ ಬಾಯಲ್ಲಿ ಹಳೇ ಕಾಲದ ಇಂಗ್ಲಿಷ್ ತುರುಕಿದ್ರೂ ಅದೇನು ನಿಜ ಆಗ್ತಿರ್ಲಿಲ್ಲ.

ಮೊದಲಲ್ಲೇ ಬರೋ ಸೀನ್ ನೋಡಿ, ತೋಟದವನು ಸುಮ್ನೆ ಒಂದು ನಮಸ್ಕಾರ ಹೇಳ್ತಾನೆ ಅಷ್ಟೇ, ಆಬ್ರಿ ಪ್ಲಾಜಾ ಮಾಡಿರೋ ಫರ್ನಾಂಡಾ ಅವನ ಮೇಲೆ ಬಾಯಿಗೆ ಬಂದಂಗೆ ಕಿರುಚಾಡ್ತಾಳೆ. ಆ ಸಿಟ್ಟು ನಮಗೆ ನೇರವಾಗಿ ತಟ್ಟುತ್ತೆ. ಆಗ ಎಷ್ಟೋ ಹುಡುಗೀರು ಮಠ ಸೇರ್ತಿದ್ದದ್ದು ಭಕ್ತಿಯಿಂದಲ್ಲ, ಮದುವೆಗೆ ಕೊಡಬೇಕಾದ ವರದಕ್ಷಿಣೆಗಿಂತ ಮಠಕ್ಕೆ ಕೊಡೋ ದುಡ್ಡು ಕಮ್ಮಿ ಅಂತ ಮನೆಯವರೇ ತಂದು ಬಿಡ್ತಿದ್ರು. ಅಲಿಸನ್ ಬ್ರೀ ಮಾಡಿರೋ ಅಲೆಸ್ಸಾಂಡ್ರಾ ಕೂಡ ಅಪ್ಪ ಮದುವೆ ಮಾಡಿಸ್ತಾನೆ ಅಂತ ಕಾಯ್ತಾ ಕೂತಿರೋಳು, ಅಂಥವಳ ಬಾಯಲ್ಲಿ ಗ್ರಾಂಥಿಕ ಮಾತು ಇಟ್ಟಿದ್ರೆ ಆ ಸಂಕಟವೇ ಮುಚ್ಚಿಹೋಗ್ತಿತ್ತು.