ಸೀರಿಯಲ್ ಬಿಟ್ಟು ಊರಿಗೆ ಬಂದು ನಟನೆ ಕಲಿಸಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ನೀವು ಬೀದರ್ ಕಡೆಯವರು, ಬೆಂಗಳೂರಿನಲ್ಲಿ ಸೀರಿಯಲ್ ಮಾಡುತ್ತಿದ್ದೀರಿ. ಈಗೀಗ ಅಮ್ಮನ ಪಾತ್ರ, ಅತ್ತಿಗೆ ಪಾತ್ರ ಬಿಟ್ಟರೆ ಬೇರೆ ಕರೆ ಬರುತ್ತಿಲ್ಲ. ಊರ ಕಡೆ ಬಂದು ನಟನೆ ಕಲಿಸುವ ಆಸೆ ಇದೆ. ಆದರೆ ‘ಸೀರಿಯಲ್‌ನವರಿಗೆ ಕಲಿಸೋಕೆ ಏನು ಗೊತ್ತಿರುತ್ತೆ’ ಅಂತ ನಾಟಕದ ಗೆಳೆಯರೊಬ್ಬರು ಅಂದರು. ಅದು ನಿಜವಾ, ಕಲಬುರಗಿಯಂಥ ಊರಿನಲ್ಲಿ ಇದು ನಡೆಯುತ್ತದಾ ಅಂತ ಕೇಳಿದ್ದೀರಿ.

ನಾನೂ ಅದೇ ದಾರಿಯಲ್ಲಿ ಬಂದವಳು. ಕಲಬುರಗಿಯಲ್ಲೇ ಹುಟ್ಟಿ ಬೆಳೆದು, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಸೀರಿಯಲ್ ಮಾಡಿ, ಈಗ ಇಲ್ಲೇ ನಟನೆ ಕಲಿಸುತ್ತಿದ್ದೇನೆ. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ: ಬನ್ನಿ. ಸೀರಿಯಲ್ ಮಾಡಿದವಳ ಹತ್ತಿರ ಕಲಿಸುವಂಥದ್ದು ಖಂಡಿತ ಇದೆ. ಅದು ಯಾವುದು ಅಂತ ಮೊದಲು ನಿಮಗೆ ಗೊತ್ತಾಗಬೇಕು, ಅಷ್ಟೇ. ನನ್ನ ಪ್ರಕಾರ ಅದು ಕೇಳಿಸಿಕೊಳ್ಳೋದು. ಎದುರಿಗಿದ್ದವರು ಮಾತಾಡುವಾಗ ನಿಜವಾಗಿ ಕೇಳಿಸಿಕೊಳ್ಳೋದು.

ಸೆಟ್ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಆದರೆ ಇದನ್ನು ಓದುವ ಬೇರೆಯವರಿಗೂ ಗೊತ್ತಿರಲಿ. ಅರ್ಧ ಗಂಟೆಯಲ್ಲಿ ಜಾಹೀರಾತು ಕಳೆದರೆ ಕಥೆಗೆ ಸಿಗೋದು ಸುಮಾರು 20–22 ನಿಮಿಷ. ವಾರಕ್ಕೆ ಐದಾರು ದಿನ ಅಷ್ಟನ್ನು ತುಂಬಿಸಿಕೊಡಬೇಕು. ರಾಜರಾಜೇಶ್ವರಿ ನಗರ, ನಾಗರಭಾವಿ ಕಡೆಯ ಶೂಟಿಂಗ್ ಮನೆಗಳಲ್ಲಿ ಬೆಳಿಗ್ಗೆ ಮೇಕಪ್‌ಗೆ ಕೂತರೆ ಪ್ಯಾಕಪ್ ಆಗೋದು ರಾತ್ರಿಗೆ. ಸೀನ್ ಪೇಪರ್ ಎಷ್ಟೋ ಸಲ ಅವತ್ತೇ ಕೈಗೆ ಬರುತ್ತದೆ. ಸೀರೆ, ಬ್ಲೌಸ್, ಬಳೆ ಬಹಳ ಕಡೆ ನಾವೇ ತರಬೇಕು. ಕಥೆಯಲ್ಲಿ ಇನ್ನೂ ಅದೇ ದಿನ ನಡೆಯುತ್ತಿದ್ದರೆ ವಾರವಾದರೂ ಅದೇ ಸೀರೆ, ಅದೇ ಓಲೆ. ಕಂಟಿನ್ಯೂಟಿ ತಪ್ಪಬಾರದು. ಮಾತು ಬಾಯಿಪಾಠ ಆಗದಿದ್ದರೆ ಪ್ರಾಂಪ್ಟಿಂಗ್ ಇದೆ. ಕ್ಯಾಮೆರಾ ಹಿಂದೆ ನಿಂತು ಒಬ್ಬರು ಸಾಲು ಹೇಳುತ್ತಾರೆ, ನಾವು ಅದನ್ನೇ ಭಾವ ಕೂಡಿಸಿ ಹೇಳುತ್ತೇವೆ.

ಇಷ್ಟು ಅವಸರದಲ್ಲಿ ನಟನೆ ಎಲ್ಲಿಂದ ಬರಬೇಕು ಅಂತ ನಿಮ್ಮ ಗೆಳೆಯರು ಕೇಳಿದರೆ ತಪ್ಪಿಲ್ಲ. ಆದರೆ ಅವರಿಗೆ ಒಂದು ಎಪಿಸೋಡ್ ಹಾಕಿ ತೋರಿಸಿ. ಮಾತಾಡುವವರ ಮುಖದಷ್ಟೇ ಕೇಳುವವರ ಮುಖವೂ ಅಲ್ಲಿ ಇರುತ್ತದೆ. ಮನೆಯ ಟಿವಿ ಪರದೆ ಚಿಕ್ಕದು, ಅದಕ್ಕೇ ಮುಖವನ್ನು ಹತ್ತಿರದಿಂದ ತೋರಿಸುವ ರೂಢಿ ಬೆಳೆಯಿತು. ಅತ್ತೆ ಒಂದು ಮಾತು ಬಿಸಾಕಿದರೆ ಸೊಸೆ, ಮಗ, ನಾದಿನಿ, ಬಾಗಿಲ ಹತ್ತಿರ ನಿಂತ ಕೆಲಸದಾಕೆ, ಹೀಗೆ ಒಬ್ಬೊಬ್ಬರದೂ ರಿಯಾಕ್ಷನ್ ಬೇಕು.

ಆ ರಿಯಾಕ್ಷನ್ ಕೊಡೋದು ಎಷ್ಟು ಕಷ್ಟ ಅಂತ ಹೊರಗಿನವರಿಗೆ ಗೊತ್ತಿಲ್ಲ. ನಿಮ್ಮ ಕ್ಲೋಸ್, ಅಂದರೆ ಬರೀ ಮುಖದ ಶಾಟ್, ತೆಗೆಯುವ ಹೊತ್ತಿಗೆ ಅತ್ತೆ ಪಾತ್ರದವರು ಇನ್ನೊಂದು ಸೆಟ್‌ಗೆ ಹೊರಟು ಹೋಗಿರುತ್ತಾರೆ. ಸಹಾಯಕ ನಿರ್ದೇಶಕ ಲೈಟ್ ಸ್ಟ್ಯಾಂಡ್ ಪಕ್ಕ ಮುಷ್ಟಿ ಎತ್ತಿ ಹಿಡಿದು ‘ಮೇಡಂ, ಲುಕ್ ಇಲ್ಲಿ’ ಅನ್ನುತ್ತಾನೆ. ಆ ಮುಷ್ಟಿಯನ್ನು ನೋಡಿ ನೀವು ಅವಮಾನದಿಂದ ಕುಗ್ಗಬೇಕು. ಕಣ್ಣೀರು ಬರಬೇಕು, ಆದರೆ ಕೆನ್ನೆ ಮೇಲೆ ಇಳಿಯಬಾರದು. ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕಾಣುವ ಮಾಸ್ಟರ್ ಶಾಟ್ ತೆಗೆಯುವಾಗ ಆಕೆಯ ಮಾತನ್ನು ನಿಜವಾಗಿ ಕೇಳಿಸಿಕೊಂಡಿದ್ದರೆ ಮಾತ್ರ ಸಂಜೆ ಅದು ಮುಖದಲ್ಲಿ ಬರುತ್ತದೆ. ಇಲ್ಲದಿದ್ದರೆ ಹುಬ್ಬು ಗಂಟಿಕ್ಕೋದು, ಮೂಗು ಅರಳಿಸೋದು ಅಷ್ಟೇ ಉಳಿಯುತ್ತದೆ.

ನಾಟ್ಯಶಾಸ್ತ್ರದಲ್ಲಿ ಅಭಿನಯ ನಾಲ್ಕು ಬಗೆ: ಆಂಗಿಕ (ದೇಹದ್ದು), ವಾಚಿಕ (ಮಾತಿನದು), ಆಹಾರ್ಯ (ವೇಷದ್ದು), ಸಾತ್ವಿಕ. ಸೀರಿಯಲ್‌ನಲ್ಲಿ ಸೀರೆ, ಬಳೆ ನಾವು ತಂದರೂ ಆಹಾರ್ಯದಲ್ಲಿ ಉಳಿದದ್ದನ್ನು ಮೇಕಪ್‌ನವರು ನೋಡಿಕೊಳ್ಳುತ್ತಾರೆ. ಮಾತನ್ನು ಪ್ರಾಂಪ್ಟರ್ ಕೊಡುತ್ತಾರೆ. ಎದೆಯಿಂದ ಮೇಲೆ ಫ್ರೇಮ್ ಇಟ್ಟ ಮೇಲೆ ಆಂಗಿಕಕ್ಕೆ ಮುಖ, ಕಣ್ಣು ಬಿಟ್ಟರೆ ಜಾಗವೇ ಇಲ್ಲ. ಉಳಿಯೋದು ಸಾತ್ವಿಕ, ಒಳಗಿನಿಂದ ಬರುವುದು. ಅದೊಂದನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ದುಡಿದವರಿಗೆ ಕಲಿಸೋಕೆ ಏನೂ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ.

ನನ್ನ ಕಥೆ ಜಾಸ್ತಿ ಬೆಳೆಸುವುದಿಲ್ಲ. 1994ರಲ್ಲಿ ಉದಯ, 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, ಮರುವರ್ಷ ಸುವರ್ಣ. ಚಾನೆಲ್‌ಗಳು ಹೆಚ್ಚಿದ ಹಾಗೆ ನಮ್ಮಂಥ ದೂರದ ಜಿಲ್ಲೆಯವರಿಗೂ ಬಾಗಿಲು ತೆರೆಯಿತು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದವರಲ್ಲಿ ನಾನೂ ಒಬ್ಬಳು. ಮೊದಲು ನಾಯಕಿಯ ತಂಗಿ, ಆಮೇಲೆ ಅತ್ತಿಗೆ, ಆಮೇಲೆ ನಾಯಕನ ಅಮ್ಮ. ಆ ನಾಯಕನಿಗೂ ನನಗೂ ವಯಸ್ಸಿನಲ್ಲಿ ಅಮ್ಮ–ಮಗನಷ್ಟು ಅಂತರ ಇರಲಿಲ್ಲ. ಒಂದು ಸೀರಿಯಲ್‌ನಲ್ಲಿ ನನ್ನ ಪಾತ್ರವನ್ನು ತೀರ್ಥಯಾತ್ರೆಗೆ ಕಳಿಸಿ ಅಲ್ಲಿಗೇ ಮುಗಿಸಿದರು. ಡೇಟ್ಸ್ (ಶೂಟಿಂಗ್ ದಿನಗಳು) ಕೇಳಿ ಫೋನ್ ಬರಲಿಲ್ಲ ಅಂತ ಕಾಯುತ್ತಿದ್ದೆ, ಕೊನೆಗೆ ಟಿವಿಯಲ್ಲಿ ನೋಡಿ ತಿಳಿದುಕೊಂಡೆ. ತುಂಬಾ ನೋವಾಗಿತ್ತು. ನಿಮಗೂ ಇಂಥದ್ದು ಆಗಿರಬಹುದು.

ಆದರೆ ಪಾಠ ಹೇಳೋಕೆ ಬಂದದ್ದು ಆ ನೋವಿನಿಂದ ಅಲ್ಲ. ಇನ್ನೊಂದು ಸೆಟ್‌ನಲ್ಲಿ ಹೊಸ ಹುಡುಗಿಯೊಬ್ಬಳು ಅಳುವ ಸೀನ್‌ನಲ್ಲಿ ಪದೇಪದೇ ಟೇಕ್ ತೆಗೆದುಕೊಳ್ಳುತ್ತಿದ್ದಳು. ಎಲ್ಲರಿಗೂ ತಡವಾಗುತ್ತಿತ್ತು. ನಿರ್ದೇಶಕರು ನನ್ನನ್ನು ಕರೆದು ‘ಸ್ವಲ್ಪ ಇವಳ ಜೊತೆ ಕೂತ್ಕೊಳ್ಳಿ’ ಅಂದರು. ನಾನು ಅವಳಿಗೆ ಅಳೋಕೆ ಹೇಳಲೇ ಇಲ್ಲ. ‘ನಿಮ್ಮಪ್ಪನ ಪಾತ್ರದವರು ಮಾತಾಡುವಾಗ ಅವರ ಬೆರಳು ನೋಡು. ಏನು ಮಾಡ್ತಿವೆ ಅಂತ ಆಮೇಲೆ ನನಗೆ ಹೇಳು’ ಅಂದೆ. ಅವಳು ಬೆರಳನ್ನೇ ನೋಡುತ್ತಾ ನಿಂತಳು. ಅವಳ ಗಮನವೆಲ್ಲ ಆ ಹಿರಿಯರ ಮೇಲೆ ಹೋಯಿತು. ಮುಖ ತಾನಾಗಿ ಸಡಿಲವಾಯಿತು, ಗಂಟಲು ತಾನಾಗಿ ಬಿಗಿಯಿತು. ಶಾಟ್ ಓಕೆ ಆದಾಗ ನನ್ನದೇ ಸೀನ್ ಚೆನ್ನಾಗಿ ಬಂದಾಗಲೂ ಆಗದಷ್ಟು ಖುಷಿ ಆಯಿತು. ಈ ಕೆಲಸ ನನ್ನದು ಅಂತ ಅವತ್ತೇ ಅನ್ನಿಸಿತು. ಮುಂದೆ ಅಪ್ಪನ ಆರೋಗ್ಯ ಕೆಟ್ಟಿತು, ಊರಿಗೆ ಬಂದೆ, ಇಲ್ಲೇ ಉಳಿದೆ.

ಈಗ ಕ್ಲಾಸಿನ ಮಾತು. ಚಿತ್ತಾಪುರ ಕಡೆಯ ಒಬ್ಬ ವಿದ್ಯಾರ್ಥಿನಿ ಇದ್ದಳು. ಧ್ವನಿ ಒಳ್ಳೆಯದು, ಧೈರ್ಯ ಇತ್ತು, ಆದರೆ ಎಲ್ಲವನ್ನೂ ಮುಖದಲ್ಲೇ ಮಾಡುತ್ತಿದ್ದಳು. ಸೀರಿಯಲ್ ನೋಡಿ ನೋಡಿ ಕಲಿತದ್ದು. ಮನೆಯವರು ಕೇಳದೇ ಮದುವೆ ನಿಶ್ಚಯ ಮಾಡಿದ್ದಾರೆ ಅನ್ನುವ ಸನ್ನಿವೇಶ ಕೊಟ್ಟರೆ ಕಣ್ಣು ಅಗಲಿಸಿ, ಎದೆ ಮೇಲೆ ಕೈಯಿಟ್ಟು ಹಿಂದಕ್ಕೆ ಸರಿಯುತ್ತಿದ್ದಳು. ನಾನು ಅವಳ ಮುಂದೆ ಮೊರದಲ್ಲಿ ತೊಗರಿಬೇಳೆ ಹಾಕಿ ಇಟ್ಟೆ. ಬೇಳೆ ಹಸನು ಮಾಡು, ಹರಳು ಒಂದೂ ಬಿಡಬೇಡ, ಮುಖ ನಿನ್ನದಲ್ಲ ಅಂದುಕೋ ಅಂದೆ. ಇನ್ನೊಬ್ಬ ವಿದ್ಯಾರ್ಥಿನಿ ಅವ್ವನಾಗಿ ಪಕ್ಕದಲ್ಲಿ ಕೂತು ಊರು, ಮಳೆ, ಎಮ್ಮೆ ಅಂತ ಮಾತಾಡುತ್ತಾ ನಡುವೆ ಮದುವೆ ವಿಷಯ ಹೇಳಬೇಕು. ಯಾವಾಗ ಹೇಳುತ್ತಾಳೆ ಅಂತ ಇವಳಿಗೆ ಗೊತ್ತಿಲ್ಲ. ಸ್ಟ್ಯಾಂಡ್ ಮೇಲೆ ಮೊಬೈಲ್ ರೆಕಾರ್ಡ್ ಆಗುತ್ತಿತ್ತು.

ಬೆರಳುಗಳು ಬೇಳೆಯಲ್ಲಿ ಓಡುತ್ತಿದ್ದವು. ಅವ್ವ ವಿಷಯ ಹೇಳಿದಳು. ಬೆರಳು ನಿಂತವು. ಆಮೇಲೆ ಒಂದು ಹರಳು ಆರಿಸಿ ಪಕ್ಕಕ್ಕಿಟ್ಟಳು, ಇನ್ನೊಂದು ಆರಿಸಿದಳು, ಆ ಎರಡನೆಯದು ಹರಳೇ ಅಲ್ಲ, ಬೇಳೆ. ತಲೆ ಎತ್ತಲಿಲ್ಲ. ಆಮೇಲೆ ವಿಡಿಯೋ ಹಾಕಿ ತೋರಿಸಿದಾಗ ಅವಳೇ ಬಾಯಿ ಮೇಲೆ ಕೈ ಇಟ್ಟುಕೊಂಡಳು. ‘ಅಕ್ಕಾ, ನಾ ಏನೂ ಮಾಡಿಲ್ಲಲ್ರಿ ಇದ್ರಾಗ’ ಅಂದಳು. ಹೌದು. ಮಾಡಲಿಲ್ಲ, ಕೇಳಿಸಿಕೊಂಡಳು.

ಅಮೆರಿಕದ ನಟನಾ ಶಿಕ್ಷಕ ಸ್ಯಾನ್‌ಫೋರ್ಡ್ ಮೈಸ್ನರ್ (1905–1997) ರೂಢಿಗೆ ತಂದ ಒಂದು ಅಭ್ಯಾಸವೂ ಇದಕ್ಕೆ ಬಹಳ ಒಳ್ಳೆಯದು. ಇಬ್ಬರು ಎದುರುಬದುರು ಕೂರಬೇಕು. ಒಬ್ಬರು ಎದುರಿಗಿದ್ದವರಲ್ಲಿ ಕಂಡದ್ದನ್ನು ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು. ‘ನೀ ನಗ್ಲಾಕತ್ತಿ.’ ‘ನಾ ನಗ್ಲಾಕತ್ತೀನಿ.’ ಹೀಗೆ ಹೇಳುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ಒಬ್ಬರಿಗೆ ಸಿಟ್ಟು ಬರುತ್ತದೆ, ಇಲ್ಲ ನಾಚಿಕೆ ಆಗುತ್ತದೆ, ಮಾತೂ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ನಮ್ಮ ಹುಡುಗರು ಇದನ್ನು ಮನೆ ಮಾತಿನಲ್ಲೇ ಮಾಡಲಿ. ಬೆಂಗಳೂರು ಕನ್ನಡ ಆಮೇಲೆ ಕಲಿಸಿ, ಅದೂ ಬೇಕು, ಆಡಿಷನ್‌ನಲ್ಲಿ ಕೇಳುತ್ತಾರೆ. ಆದರೆ ಮೊದಲ ದಿನವೇ ಮಾತು ತಿದ್ದೋಕೆ ಕೂತರೆ ಅವರ ಗಮನ ಪೂರ್ತಿ ನಾಲಿಗೆ ಮೇಲೆ ಹೋಗುತ್ತದೆ, ಎದುರಿಗಿದ್ದವರ ಮೇಲೆ ಉಳಿಯುವುದಿಲ್ಲ. ನಮ್ಮ ಕಡೆ ಮಾತು ಆಡುವ ಪಾತ್ರ ಅಂದರೆ ಬರೀ ನಗಿಸುವ ಪಾತ್ರ ಅನ್ನುವ ಅಭ್ಯಾಸ ಟಿವಿಯಲ್ಲಿ ಇದೆ. ಅದು ನನಗೆ ಯಾವತ್ತೂ ಇಷ್ಟವಾಗಿಲ್ಲ. ಆ ಮಾತಿನಲ್ಲಿ ಅಳು, ಸಿಟ್ಟು, ಪ್ರೀತಿ ಎಲ್ಲಾ ಇದೆ ಅಂತ ಮಕ್ಕಳಿಗೆ ಕ್ಲಾಸಿನಲ್ಲೇ ಗೊತ್ತಾಗಬೇಕು.

ಒಂದು ಎಚ್ಚರಿಕೆ. ನಟಿಯಾಗಿದ್ದವರಿಗೆ ಮಾಡಿ ತೋರಿಸುವ ಚಪಲ ಇರುತ್ತದೆ. ತೋರಿಸಬೇಡಿ. ನೀವು ಮಾಡಿ ತೋರಿಸಿದ ಕ್ಷಣದಿಂದ ಅವರು ನಿಮ್ಮನ್ನು ನಕಲು ಮಾಡುತ್ತಾರೆ. ಹಳೆಯ ನಾಟಕ ಕಂಪನಿಗಳಲ್ಲಿ ತಾಲೀಮು ಮಾಡಿಸುವ ಮಾಸ್ತರರು ಹೇಳಿಕೊಟ್ಟ ಹಾಗೆಯೇ ಮಾಡಿಸುತ್ತಿದ್ದರು, ಅದರಿಂದ ಧ್ವನಿ, ನಿಲುವು, ಹಾಡು ಎಲ್ಲ ಗಟ್ಟಿಯಾಗುತ್ತಿತ್ತು. ಆ ಪದ್ಧತಿ ಮೇಲೆ ನನಗೆ ತುಂಬಾ ಗೌರವ. ಆದರೆ ಕ್ಯಾಮೆರಾ ಅಷ್ಟು ಹತ್ತಿರ ಬಂದಾಗ ನಕಲು ಗೊತ್ತಾಗಿಬಿಡುತ್ತದೆ. ಹಾಗೇ ಒಂದು ಸಲಕ್ಕೆ ಒಂದೇ ಮಾತು ಹೇಳಿ. ‘ಉಸಿರು ಬಿಡು’ ಅನ್ನಿ, ಇಲ್ಲ ‘ಅವಳ ಕಣ್ಣು ನೋಡು’ ಅನ್ನಿ. ಎರಡೂ ಒಟ್ಟಿಗೆ ಬೇಡ.

ನಿಮ್ಮ ಗೆಳೆಯರ ಮಾತಿನಲ್ಲಿ ನಿಜವೂ ಇದೆ. ಸೀರಿಯಲ್ ನಮಗೆ ದೇಹ ಕೊಡುವುದಿಲ್ಲ, ಉಸಿರು ಕೊಡುವುದಿಲ್ಲ. ಒಂದು ಪಾತ್ರ ಶುರುವಿನಿಂದ ಕೊನೆವರೆಗೆ ಹೇಗೆ ಬದಲಾಗುತ್ತದೆ ಅಂತ ಹಿಡಿಯೋಕೂ ಕಲಿಸುವುದಿಲ್ಲ. ಕೊನೆ ಏನು ಅಂತ ಅಲ್ಲಿ ಬರೆಯುವವರಿಗೇ ಗೊತ್ತಿರುವುದಿಲ್ಲವಲ್ಲ. ಅದಕ್ಕೆ ನಾಟಕದ ಹತ್ತಿರ ಹೋಗಲೇಬೇಕು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೆಯುತ್ತಿದೆ. ಬಿ.ವಿ. ಕಾರಂತರು 1989ರಲ್ಲಿ ಮೈಸೂರಿನಲ್ಲಿ ಕಟ್ಟಿದ ರಂಗಾಯಣ ಈಗ ಕಲಬುರಗಿಯಲ್ಲೂ ಇದೆ. ವರ್ಷಪೂರ್ತಿ ಕೋರ್ಸ್ ಮಾಡೋಕೆ ನಿಮಗೆ ಆಗದೇ ಇರಬಹುದು. ಹೋಗಿ ತಾಲೀಮು ನೋಡಿ, ಶಿಬಿರಗಳಲ್ಲಿ ಕೂರಿ, ಚಿಕ್ಕ ಪಾತ್ರ ಕೊಟ್ಟರೂ ಮಾಡಿ. ಕಲಬುರಗಿಯ ಪಂಡಿತ ರಂಗಮಂದಿರದ ವೇದಿಕೆ ಮೇಲೆ ನಿಂತು ಹಿಂದಿನ ಸಾಲಿಗೆ ಮಾತು ಮುಟ್ಟಿಸಿ ನೋಡಿ. ನಾನು ಹಾಗೇ ಮಾಡಿದೆ. ಇಲ್ಲಿನ ರಂಗಕರ್ಮಿಗಳು ನನ್ನನ್ನು ಪ್ರೀತಿಯಿಂದಲೇ ಕರೆದರು, ಇವತ್ತಿಗೂ ಅವರಿಂದ ಕಲಿಯುತ್ತಿದ್ದೇನೆ.

ಟಿವಿ ಅಂದರೆ ಬೆಂಗಳೂರು, ನಮಗೇನು ಸಂಬಂಧ ಅನ್ನುವವರೂ ಸಿಗುತ್ತಾರೆ. ಅವರಿಗೆ ಹೇಳಿ: 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತೋರಿಸುವ ‘ಸೈಟ್’ ಪ್ರಯೋಗ ನಡೆದಾಗ ಕರ್ನಾಟಕದಲ್ಲಿ ಅದು ಬಂದದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ. ನಮ್ಮ ಹಳ್ಳಿಗಳ ಹಿರಿಯರು ರಾಜಧಾನಿಗಿಂತ ಮೊದಲು ಟಿವಿ ಮುಂದೆ ಕೂತವರು. ಇದನ್ನು ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ, ಹುಡುಗರ ಬೆನ್ನು ನೆಟ್ಟಗಾಗುತ್ತದೆ.

ಇನ್ನು ನಡೆಯುತ್ತದಾ ಅನ್ನುವ ಪ್ರಶ್ನೆ. ನಡೆಯುತ್ತದೆ, ಆದರೆ ಬೆಂಗಳೂರಿನ ಪೇಮೆಂಟ್ ಲೆಕ್ಕ ಇಲ್ಲಿ ಹಾಕಬೇಡಿ. ಬರೀ ನಟರಾಗುವವರನ್ನು ನಂಬಿಕೊಂಡರೆ ಬಾಡಿಗೆಯೂ ಹುಟ್ಟುವುದಿಲ್ಲ. ಮಕ್ಕಳ ಬೇಸಿಗೆ ಶಿಬಿರ ಮಾಡಿ. ಏಪ್ರಿಲ್‌ನಲ್ಲಿ ನಮ್ಮ ಬಿಸಿಲು ಗೊತ್ತಲ್ವಾ, ಬೆಳಿಗ್ಗೆ 7ಕ್ಕೆ ಶುರು ಮಾಡಿ 10ಕ್ಕೆ ಬಿಟ್ಟುಬಿಡಿ. ಕಾಲೇಜುಗಳಲ್ಲಿ ಯುವಜನೋತ್ಸವಕ್ಕೆ ಏಕಾಂಕ, ಮೂಕಾಭಿನಯ ಮಾಡಿಸುವವರು ಬೇಕಾಗಿರುತ್ತಾರೆ. ‘ನಮ್ಮ ಹುಡುಗಿ ನಾಕು ಜನರ ಮುಂದ ಮಾತಾಡಿದ್ರ ಸಾಕ್ರಿ’ ಅಂತ ಬರುವ ಅಪ್ಪ ಅಮ್ಮಂದಿರೇ ಜಾಸ್ತಿ. ಅವರನ್ನು ಸಂತೋಷವಾಗಿ ಸೇರಿಸಿಕೊಳ್ಳಿ. ಕೇಳಿಸಿಕೊಳ್ಳೋದು ಆ ಮಕ್ಕಳಿಗೂ ಬೇಕು.

ಅವಕಾಶ ಕೊಡಿಸುತ್ತೇನೆ ಅಂತ ಮಾತ್ರ ಯಾರಿಗೂ ಹೇಳಬೇಡಿ. ಆಡಿಷನ್‌ಗೆ ದುಡ್ಡು ಕೇಳುವವರ ಕೈಗೆ ಸಿಕ್ಕು ಒಡವೆ ಅಡವಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಅದರ ಬದಲು ಆಡಿಷನ್ ವಿಡಿಯೋ ಮಾಡೋದು ಕಲಿಸಿ. ಕಿಟಕಿಯ ಬೆಳಕು ಮುಖದ ಮೇಲೆ ಬರಲಿ, ಹಿಂದೆ ಖಾಲಿ ಗೋಡೆ ಇರಲಿ. ಹೆಸರು, ವಯಸ್ಸು, ಎತ್ತರ ಹೇಳಿ ಎಡಕ್ಕೆ, ಬಲಕ್ಕೆ ತಿರುಗಿ ತೋರಿಸಿ, ಆಮೇಲೆ ಒಂದು ನಿಮಿಷದ ಸೀನ್. ಸಾಲು ಓದಿಕೊಡುವವರು ಕ್ಯಾಮೆರಾ ಪಕ್ಕದಲ್ಲೇ ಕೂರಲಿ, ಎದುರು ಪಾತ್ರ ಅಲ್ಲಿ ನಿಜವಾಗಿ ಇರಲಿ. ಇಷ್ಟು ಬಂದರೆ ಚಿತ್ತಾಪುರದಿಂದಲೇ ಕಳಿಸಬಹುದು, ಸುಮ್ನೆ ಬೆಂಗಳೂರಿಗೆ ಓಡುವ ಖರ್ಚು ಉಳಿಯುತ್ತದೆ.

ಕೈಯಲ್ಲಿರುವ ಸೀರಿಯಲ್ ಈಗಲೇ ಬಿಡಬೇಡಿ. ಡೇಟ್ಸ್ ಇಲ್ಲದ ದಿನಗಳನ್ನು ಮೊದಲೇ ಕೇಳಿ ಇಟ್ಟುಕೊಂಡು, ಬೀದರ್‌ನಲ್ಲೇ ಒಂದು ಚಿಕ್ಕ ಶಿಬಿರ ಮಾಡಿ ನೋಡಿ. ಅಲ್ಲಿನ ಚನ್ನಬಸವ ಪಟ್ಟದ್ದೇವರು ರಂಗಮಂದಿರದಲ್ಲಿ ನಾಟಕ ಇದ್ದ ಸಂಜೆ ಹೋದರೆ ನಿಮಗೆ ಬೇಕಾದ ಜನ ಸಿಗುತ್ತಾರೆ. ಅದಕ್ಕೂ ಮೊದಲು ಕಲಬುರಗಿಗೆ ಬಂದರೆ ನನ್ನ ಭಾನುವಾರದ ಕ್ಲಾಸಿನಲ್ಲಿ ಒಂದು ಮೂಲೆಯಲ್ಲಿ ಕೂತು ನೋಡಿ, ಮಧ್ಯಾಹ್ನದ ನಂತರದ ಪಾಠ ನೀವೇ ಮಾಡಿ. ಹುಡುಗರು ಹೇಗೆ ಕೇಳುತ್ತಾರೆ ಅಂತ ನಾನೂ ನೋಡುತ್ತೇನೆ.