ಮನೆಯ ಕಿಟ್ ನೆಗೆಟಿವ್ ಬಂದರೂ ಮಗುವಿಗೆ ಆರ್‌ಟಿ-ಪಿಸಿಆರ್ ಬೇಕೇ?

ಡೊಂಬಿವಲಿಯ ಸೋದರಿಯವರಿಗೆ ನಮಸ್ಕಾರ. ನಾಲ್ಕು ವರ್ಷದ ಮಗಳಿಗೆ ಜ್ವರವಿದ್ದು, ಮನೆಯ ಕೋವಿಡ್ ಕಿಟ್ ನೆಗೆಟಿವ್ ತೋರಿಸಿದರೂ ಡಾಕ್ಟರು ಆರ್‌ಟಿ-ಪಿಸಿಆರ್ ಮಾಡಿಸಲು ಹೇಳಿದ್ದಾರೆ, ಲ್ಯಾಬಿನವರು ಮೂಗಿನ ಮಾದರಿ ತೆಗೆಯುವಾಗ ಮಗು ಅಲುಗಾಡುತ್ತದೆಂದು ವಾಪಸು ಕಳಿಸಿದ್ದಾರೆ, ಈಗ ಏನು ಮಾಡಲಿ ಎಂದು ಕೇಳಿದ್ದೀರಿ.

ಡಾಕ್ಟರು ಹೇಳಿದ್ದು ಸರಿ. ಮನೆಯ ಕಿಟ್ ವೈರಾಣುವಿನ ಪ್ರೋಟೀನನ್ನು ಹುಡುಕುತ್ತದೆ, ಅದರ ಪ್ರಮಾಣ ಕಡಿಮೆಯಿದ್ದರೆ ಕಾಣದೆ ಹೋಗಬಹುದು. ಆರ್‌ಟಿ-ಪಿಸಿಆರ್ ವೈರಾಣುವಿನ ಆನುವಂಶಿಕ ಅಂಶವನ್ನು ಅನೇಕ ಪಟ್ಟು ಹೆಚ್ಚಿಸಿ ನೋಡುವುದರಿಂದ ಅಲ್ಪ ಪ್ರಮಾಣವೂ ಸಿಗುತ್ತದೆ. ಪುಣೆಯ ಮೈಲ್ಯಾಬ್ ಕಂಪನಿಯ ಮನೆಯ ಕಿಟ್‌ಗೆ 2021ರ ಮೇನಲ್ಲಿ ಅನುಮತಿ ಕೊಟ್ಟಾಗಲೇ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ), ಲಕ್ಷಣವಿದ್ದು ನೆಗೆಟಿವ್ ಬಂದವರು ಆರ್‌ಟಿ-ಪಿಸಿಆರ್ ಮಾಡಿಸಬೇಕು, ಪಾಸಿಟಿವ್ ಬಂದವರಿಗೆ ಮರುಪರೀಕ್ಷೆ ಬೇಡ ಎಂದು ತಿಳಿಸಿತ್ತು.

ಆದರೆ ಜ್ವರದ ಮಗುವನ್ನು ಹೊತ್ತು ಸಾಲಿನಲ್ಲಿ ನಿಂತ ತಾಯಿಯನ್ನು ಹಾಗೆ ಕಳಿಸಿದ್ದು ಖಂಡಿತ ತಪ್ಪು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮಕ್ಕಳ ಮಾದರಿ ತೆಗೆದು ಅಭ್ಯಾಸವಿರುವವರು ಯಾರೆಂದು ಡಾಕ್ಟರನ್ನೇ ಕೇಳಿ, ಮೊದಲೇ ಫೋನ್ ಮಾಡಿ ಹೋಗಿ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು, ಅವಳ ಬೆನ್ನು ನಿಮ್ಮ ಎದೆಗೆ ಒರಗುವಂತೆ ಒಂದು ಕೈಯಿಂದ ಅವಳೆರಡು ಕೈಗಳನ್ನು ತಬ್ಬಿ, ಇನ್ನೊಂದನ್ನು ಹಣೆಗೆ ಒತ್ತಿ ಹಿಡಿದರೆ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ನೋವಾಗುವುದೇ ಇಲ್ಲವೆಂದು ಮಾತ್ರ ಅವಳಿಗೆ ಹೇಳಬೇಡಿ.

ಉಸಿರಾಟ ವೇಗವಾದರೆ, ನೀರೂ ಕುಡಿಯದೆ ಮಂಕಾಗಿ ಮಲಗಿದರೆ, ವರದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.